‘ಬಂತು’ ಎನ್ನುವ ಮಾತು

ಸಂಕ್ರಾಂತಿ ಕಳೆದ ವಾರ ಕಣೇಕಲ್ಲಿನಲ್ಲಿ ಅಕ್ಕನ ಮಗಳ ಮನೆಯಲ್ಲಿದ್ದೆ. ಅವಳ ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಸಂಜೆ ಟ್ಯೂಷನ್ನಿಗೆ ಹೋಗುತ್ತಾಳೆ, ಅಲ್ಲಿ ಹೇಳಿಕೊಡುವುದು ತೆಲುಗಿನಲ್ಲಿ. ಗಡಿಯ ಮಕ್ಕಳಿಗೆ ಇದೊಂದು ತೊಡಕೇ ಅಲ್ಲ. ಆದರೆ ಆ ಸಂಜೆ ಹುಡುಗಿ ಒಂದು ಪದದ ಹತ್ತಿರ ಎಡವಿ ನಿಂತಿದ್ದಳು. ಜೀವಶಾಸ್ತ್ರದಲ್ಲಿ ನರಗಳ ಪಾಠ. ಬೆರಳ ತುದಿಗೆ ಬಿಸಿ ತಗುಲಿದರೆ ಆ ಸುದ್ದಿ ನರದಲ್ಲಿ ಓಡುತ್ತದಲ್ಲ, ಆ ಓಡುವುದಕ್ಕೆ ಇಂಗ್ಲಿಷಿನಲ್ಲಿ ‘ಇಂಪಲ್ಸ್’ ಎನ್ನುತ್ತಾರೆ. ಅವಳ ಕನ್ನಡದ ನೋಟ್ಸಿನಲ್ಲಿ ಅದು ‘ಆವೇಗ’. ಟ್ಯೂಷನ್ ನೋಟ್ಸಿನಲ್ಲಿ ‘ಪ್ರಚೋದನಂ’.

“ತಾತಾ, ಪ್ರಚೋದನೆ ಅಂದ್ರೆ ಇನ್ನೊಬ್ಬರನ್ನ ಕೆರಳಿಸೋದು ಅಲ್ಲೇನು? ಅದು ನರದಾಗೆ ಹೆಂಗೆ ಹರಿತೈತೆ?”

ಪ್ರಶ್ನೆ ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಪ್ರಚೋದನೆ ಹೊರಗಿನಿಂದ ಬರುವಂಥದ್ದು. ಪ್ರಚೋದನಕಾರಿ ಭಾಷಣ ಮಾಡಿದವರ ಮೇಲೆ ಪೊಲೀಸರು ಕೇಸು ಹಾಕುತ್ತಾರೆ. ನಮ್ಮ ವಿಜ್ಞಾನದ ಬರಹದಲ್ಲೂ ಬೆರಳಿಗೆ ತಗುಲಿದ ಬಿಸಿ ‘ಪ್ರಚೋದನೆ’, ಅದರಿಂದ ನರದಲ್ಲಿ ಹುಟ್ಟಿ ಓಡುವುದು ‘ಆವೇಗ’. ತೆಲುಗಿನವರು ಬೇರೆ ರೀತಿ ಹಂಚಿಕೊಂಡರು. ಹೊರಗಿನ ಬಿಸಿ ಅವರಿಗೆ ‘ಉದ್ದೀಪನ’, ಒಳಗೆ ಓಡುವುದು ‘ಪ್ರಚೋದನಂ’. ಭೌತಶಾಸ್ತ್ರದಲ್ಲೂ ಹಾಗೆಯೇ. ಬ್ಯಾಟು ಚೆಂಡಿಗೆ ತಗುಲಿದ ಆ ಚೂರು ಹೊತ್ತಿನ ಹೊಡೆತ, ಅಂದರೆ ಬಲವನ್ನು ಅದು ತಾಗಿದ್ದ ಕಾಲದಿಂದ ಗುಣಿಸಿದಾಗ ಸಿಗುವ ಮೊತ್ತ, ನಮಗೆ ಆವೇಗ, ಅವರಿಗೆ ಪ್ರಚೋದನಂ. ಸಂಸ್ಕೃತವೆಂಬ ಒಂದೇ ಅಂಗಡಿಯಿಂದ ತಂದ ಸಾಮಾನನ್ನು ಎರಡು ಮನೆಯವರು ಬೇರೆ ಬೇರೆ ಡಬ್ಬಿಗೆ ತುಂಬಿಟ್ಟಿದ್ದಾರೆ. ಎರಡೂ ಅಡುಗೆಮನೆಯಲ್ಲಿ ಓಡಾಡುವ ಹುಡುಗಿ ಸಕ್ಕರೆ ಡಬ್ಬಿ ತೆಗೆದರೆ ಉಪ್ಪು ಸಿಕ್ಕಿತು.

ಇದು ಕಣ್ಣಿಗೆ ಬೀಳಬೇಕಾದರೆ ಇಂಥ ಊರೇ ಬೇಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದ ದಿನ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ರಾಯದುರ್ಗದ ಜೊತೆಗೆ ಕಣೇಕಲ್ಲೂ ಅನಂತಪುರ ಜಿಲ್ಲೆಯ ಊರಾಯಿತು. ಅತ್ತ ಮಡಕಶಿರಾದ್ದು ಬೇರೆ ಕಥೆ: ಮೂರು ಕಡೆ ಕರ್ನಾಟಕ ಸುತ್ತಿಕೊಂಡಿದ್ದರೂ ಅದು ಆಂಧ್ರ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಈ ಮಂಡಲಗಳಲ್ಲಿ ಅರ್ಜಿ ತೆಲುಗಿನಲ್ಲಿ, ಜೋಗುಳ ಕನ್ನಡದಲ್ಲಿ. ಸಂತೆಯಲ್ಲಿ ಎರಡೂ, ಜೊತೆಗೆ ಒಂದಿಷ್ಟು ಉರ್ದು.

ಪದಗಳ ಜಾಡು ಹಿಡಿದು ಹೋಗುವವರು ಈ ಸೀಮೆಗೆ ಹೊಸಬರಲ್ಲ. ತೆಲುಗಿನಲ್ಲಿ ‘ನುಡಿ–ನಾನುಡಿ’ ಎಂಬ ಪದಶೋಧದ ಪುಸ್ತಕ ಬರೆದ ತಿರುಮಲ ರಾಮಚಂದ್ರ ಅನಂತಪುರ ಜಿಲ್ಲೆಯವರು, ಹುಟ್ಟಿದ್ದು 1913ರಲ್ಲಿ. ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಬರೆದು ನಾಡಿಗೆಲ್ಲ ಪದಗಳ ಹುಚ್ಚು ಹಿಡಿಸಿದ ಜಿ. ವೆಂಕಟಸುಬ್ಬಯ್ಯನವರು ಹುಟ್ಟಿದ್ದೂ ಅದೇ 1913ರಲ್ಲಿ. ಇಬ್ಬರನ್ನೂ ಒಂದು ಜಗಲಿಯ ಮೇಲೆ ಕೂರಿಸಿ ಈ ಹುಡುಗಿಯ ಪ್ರಶ್ನೆ ಕೇಳಿಸಬೇಕಿತ್ತು ಎಂದು ನನಗೆ ಆಸೆ. ಅವರಿಲ್ಲದ ಕಾಲದಲ್ಲಿ ನನಗೆ ಗೊತ್ತಿದ್ದಷ್ಟನ್ನು ನಾನೇ ಹೇಳಬೇಕಾಯಿತು.

ಮೊದಲು ಇಂಗ್ಲಿಷಿನ ಪದ. ಅದು ಲ್ಯಾಟಿನ್ನಿನ ‘ಪೆಲ್ಲೆರೆ’ ಎಂಬ ಕ್ರಿಯಾಪದದಿಂದ ಬಂದದ್ದು. ಪೆಲ್ಲೆರೆ ಎಂದರೆ ತಳ್ಳು, ಹೊಡೆ, ಅಟ್ಟು. ಮುಂದೆ ‘ಇನ್’ ಸೇರಿದರೆ ಒಳಕ್ಕೆ ಅಥವಾ ಮೇಲಕ್ಕೆ ಬೀಳುವಂತೆ ತಳ್ಳುವುದು. ವಿಮಾನದ ಪ್ರೊಪೆಲ್ಲರ್ ಇದೇ ಮನೆಯದು. ವೈದ್ಯರು ಮಣಿಕಟ್ಟು ಹಿಡಿದು ನೋಡುವ ‘ಪಲ್ಸ್’ ಕೂಡ ಇದೇ ಮನೆಯದು, ರಕ್ತ ನಾಳವನ್ನು ಹೊಡೆಯುತ್ತದಲ್ಲ, ಆ ಹೊಡೆತ. ಇದೇ ಧಾತುವಿನ ‘ಪುಲ್ಸಾರೆ’ ತಂತಿವಾದ್ಯ ಮೀಟುವುದಕ್ಕೂ ಬಳಕೆಯಾಗುತ್ತಿತ್ತು.

ಇಲ್ಲಿ ಕನ್ನಡದವರು ಒಂದು ಗಳಿಗೆ ನಿಲ್ಲಬೇಕು. ನಮ್ಮಲ್ಲಿ ‘ಮಿಡಿ’ ಎಂಬ ಪದವಿದೆ. ಬೆರಳಿನಿಂದ ಗೋಲಿ ಮಿಡಿಯುತ್ತೇವೆ, ತಂತಿ ಮಿಡಿಯುತ್ತೇವೆ, ನಾಡಿ ಮಿಡಿಯುತ್ತದೆ, ಎದೆ ಮಿಡಿಯುತ್ತದೆ, ಕಂಬನಿಯನ್ನೂ ಮಿಡಿಯುತ್ತೇವೆ. ಹೊರಗೆ ಕೊಡುವ ಚಿಕ್ಕ ಹೊಡೆತ, ಒಳಗೆ ಬಡಿಯುವ ಬಡಿತ, ಎರಡಕ್ಕೂ ಒಂದೇ ಮಾತು. ರೋಮಿನವರು ಪೆಲ್ಲೆರೆಯಲ್ಲಿ ಕಟ್ಟಿದ ಸೇತುವೆಯನ್ನೇ ನಮ್ಮವರು ಯಾರ ಹಂಗೂ ಇಲ್ಲದೆ ಮಿಡಿಯಲ್ಲಿ ಕಟ್ಟಿದ್ದರು. ಪಾದದ ಬುಡದಿಂದ ಚಂಗನೆ ಹಾರುವ ಮಿಡತೆಯ ಹೆಸರಲ್ಲೂ ನನಗೆ ಇದೇ ಸದ್ದು ಕೇಳಿಸುತ್ತದೆ. ತೆಲುಗಿನಲ್ಲೂ ಅದು ‘ಮಿಡತ’. ನನ್ನನ್ನು ಕೇಳಿದ್ದರೆ ನರದಲ್ಲಿ ಓಡುವುದಕ್ಕೆ ‘ನರಮಿಡಿತ’ ಎಂದೇ ಹೇಳುತ್ತಿದ್ದೆ. ಹತ್ತನೇ ತರಗತಿಯ ಹುಡುಗಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಹಾಗೆಂದು ‘ಆವೇಗ’ವನ್ನು ಹಗುರ ಮಾಡಲಾರೆ. ಅದರ ಹೊಟ್ಟೆಯಲ್ಲಿ ದೊಡ್ಡ ಕಥೆಯಿದೆ. ವೇಗ, ಆವೇಗ, ಉದ್ವೇಗ, ಸಂವೇಗ ನಾಲ್ಕಕ್ಕೂ ತಾಯಿ ಸಂಸ್ಕೃತದ ‘ವಿಜ್’ ಧಾತು. ಪಾಣಿನಿಯ ಪರಂಪರೆಯ ಧಾತುಪಾಠ ಅದಕ್ಕೆ ಎರಡು ಅರ್ಥ ಕೊಡುತ್ತದೆ: ಭಯ ಮತ್ತು ಚಲನ. ಹೆದರಿಕೆ ಮತ್ತು ಕದಲಿಕೆ ಒಂದೇ ಬೇರಿನಲ್ಲಿ. ಹುಲ್ಲಿನಲ್ಲಿ ಸರಕ್ಕನೆ ಸದ್ದಾದಾಗ ಮೈ ಬೆಚ್ಚಿ ಹಿಂದಕ್ಕೆ ಹಾರುತ್ತದಲ್ಲ, ಅಲ್ಲಿ ಭಯ ಎಲ್ಲಿ ಮುಗಿಯಿತು, ಚಲನೆ ಎಲ್ಲಿ ಶುರುವಾಯಿತು ಎಂದು ಯಾರು ಗೆರೆ ಎಳೆಯಬಲ್ಲರು? ಆ ಗೆರೆ ಇಲ್ಲದ ಜಾಗದಲ್ಲಿ ಹುಟ್ಟಿದ ಪದ ಇದು. ಇವತ್ತು ಸ್ಪೀಡೋಮೀಟರಿನ ಮುಳ್ಳು ತೋರಿಸುವ ‘ವೇಗ’ ಒಂದು ಕಾಲಕ್ಕೆ ಮೈಯ ನಡುಕವಾಗಿತ್ತು.

ಮಕ್ಕಳು ಮನೆ ಬಿಟ್ಟು ಹೋದಂತೆ ಈ ನಾಲ್ಕು ಪದಗಳೂ ಒಂದೊಂದು ಭಾಷೆಯಲ್ಲಿ ಒಂದೊಂದು ಬದುಕು ಕಟ್ಟಿಕೊಂಡವು. ಕನ್ನಡದಲ್ಲಿ ‘ಉದ್ವೇಗ’ ಎಂದರೆ ತಳಮಳ, ಟೆನ್ಷನ್. ಬಂಗಾಳಿಯಲ್ಲಿ ‘ಆಬೇಗ್’ ಎಂದರೆ ಭಾವನೆ. ಸಂವೇಗದ ಪಾಡು ಇನ್ನೂ ಸ್ವಾರಸ್ಯ. ಪತಂಜಲಿ ಯೋಗಸೂತ್ರದಲ್ಲಿ ಅದು ಸಾಧಕನ ತೀವ್ರವಾದ ಹಂಬಲ. ಬೌದ್ಧರಲ್ಲಿ ಅದು ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡವನ ಎದೆ ಝಲ್ಲೆನ್ನುವ ಗಳಿಗೆ, ಮನೆ ಬಿಟ್ಟು ಹೊರಡಿಸುವ ಗಳಿಗೆ. ಕಲೆಯನ್ನು ಕಂಡಾಗ ಆಗುವ ಆಘಾತಕ್ಕೂ ಅದೇ ಪದ ಸಲ್ಲುತ್ತದೆ ಎಂದು ಆನಂದ ಕುಮಾರಸ್ವಾಮಿ 1943ರಲ್ಲಿ ಒಂದು ಪ್ರಬಂಧವನ್ನೇ ಬರೆದರು. ಅದೇ ಪದ ನಮ್ಮ ಒಂಬತ್ತನೇ ತರಗತಿಗೆ ಬಂದಾಗ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ ಲೆಕ್ಕ! ಹಿಂದಿಯಲ್ಲಿ ಭೌತಶಾಸ್ತ್ರದವರೂ ಮನಶ್ಶಾಸ್ತ್ರದವರೂ ಸಂವೇಗವನ್ನು ಹಂಚಿಕೊಂಡಿದ್ದಾರೆ. ಅವರಿಗೆ ಉರುಳುವ ಬಂಡೆಗೂ ಸಂವೇಗ, ಉಮ್ಮಳಿಸುವ ಮನಸ್ಸಿಗೂ ಸಂವೇಗ. ಇಂಗ್ಲಿಷಿನ ಮೊಮೆಂಟಮ್ ಮತ್ತು ಎಮೋಷನ್ ಕೂಡ ‘ಕದಲು’ ಎಂಬ ಅರ್ಥದ ಒಂದೇ ಲ್ಯಾಟಿನ್ ಧಾತುವಿನ ಅಕ್ಕತಂಗಿಯರು.

ಭರತನ ನಾಟ್ಯಶಾಸ್ತ್ರ ಹೇಳುವ 33 ಸಂಚಾರಿ ಭಾವಗಳಲ್ಲಿ ಆವೇಗವೂ ಒಂದು. ಅದು ಹುಟ್ಟುವುದಕ್ಕೆ ಅವನು ಕೊಡುವ ಕಾರಣಗಳನ್ನು ನೋಡಿ: ಉತ್ಪಾತ, ಬಿರುಗಾಳಿ, ಮಳೆ, ಬೆಂಕಿ, ಕಟ್ಟು ಕಿತ್ತು ಓಡುವ ಆನೆ, ಸಿಹಿ ಸುದ್ದಿ, ಕಹಿ ಸುದ್ದಿ. ಎಲ್ಲವೂ ಹೊರಗಿನವು, ಎಲ್ಲವೂ ತಟ್ಟನೆ ಬರುವವು. ಕಣೇಕಲ್ಲಿನ ಕಡೆಯವರಿಗೆ ಆನೆಯನ್ನು ಬಿಟ್ಟು ಉಳಿದದ್ದನ್ನು ವಿವರಿಸಬೇಕಿಲ್ಲ. ಊರಿನ ದೊಡ್ಡ ಕೆರೆ, ತುಂಗಭದ್ರೆಯ ಎಚ್‌ಎಲ್‌ಸಿ ಕಾಲುವೆ, ಕಾಲುವೆ ನೀರಿನ ಭತ್ತದ ಗದ್ದೆ ಒಂದು ಕಡೆ. ಇನ್ನೊಂದು ಕಡೆ ಹಗರಿ ಹೊಳೆಯ ಒಣಗಿದ ಪಾತ್ರ. ಗಾಳಿಕಾಲದಲ್ಲಿ ಅಲ್ಲಿಂದ ಎದ್ದ ಮರಳು ಹೊಲಗಳ ಮೇಲೆ ದಿಬ್ಬ ಕಟ್ಟುತ್ತದೆ. ಬೊಮ್ಮನಹಾಳದ ಕಡೆಯ ದರ್ಗಾ ಹೊನ್ನೂರಿನ ಮರಳು ದಿಬ್ಬಗಳನ್ನು ನೋಡಿದವರಿಗೆ ಗಾಳಿ ತಳ್ಳುವುದು ಎಂದರೇನೆಂದು ಗೊತ್ತು.

ಈಗ ಟ್ಯೂಷನ್ನಿನ ‘ಪ್ರಚೋದನಂ’. ಇದರ ಧಾತು ‘ಚುದ್’: ಮುಂದಕ್ಕೆ ನೂಕು, ಹುರಿದುಂಬಿಸು. ಗಾಯತ್ರಿ ಮಂತ್ರದ ಕೊನೆಯ ಕ್ರಿಯಾಪದ ಇದೇ ಧಾತುವಿನದು. ಅಲ್ಲಿ ಬುದ್ಧಿಯನ್ನು ಮುನ್ನಡೆಸು ಎಂಬ ಪ್ರಾರ್ಥನೆ. ಜೈಮಿನಿಯ ಮೀಮಾಂಸಾ ಸೂತ್ರಗಳ ಎರಡನೆಯದರಲ್ಲೇ ಧರ್ಮದ ಲಕ್ಷಣ ‘ಚೋದನೆ’, ಅಂದರೆ ಹೀಗೆ ಮಾಡು ಎಂದು ವೇದ ಕೊಡುವ ಅಪ್ಪಣೆ. ಅಷ್ಟು ಎತ್ತರದ ಪದ ಇಳಿದು ಇಳಿದು ಕೋಮುಗಲಭೆಯ ವರದಿಗೆ ಬಂದು ಕೂತದ್ದು ಕನ್ನಡದಲ್ಲಿ. ನನಗೆ ಇದರಲ್ಲಿ ಸಂಕಟವಿದೆ. ತೆಲುಗಿನ ಪಠ್ಯದವರು ಅದನ್ನು ನರದೊಳಗೆ ಹರಿಯಬಿಟ್ಟು ಅದರ ಹಳೆಯ ಮಾನ ಸ್ವಲ್ಪ ಉಳಿಸಿದ್ದಾರೆ. ಇದೇ ಧಾತುವಿನ ಇನ್ನೊಂದು ಪದ ‘ಚೋದ್ಯ’ ಎರಡೂ ಭಾಷೆಯ ಹಳ್ಳಿಗಳಲ್ಲಿ ಬದುಕಿದೆ. ಸಂಸ್ಕೃತದಲ್ಲಿ ಎದುರಿಗೆ ನೂಕಿದ ಪ್ರಶ್ನೆ, ಆಕ್ಷೇಪ ಎಂಬ ಅರ್ಥವೂ ಇದ್ದ ಅದು ಇಲ್ಲಿ ಸೋಜಿಗವಾಯಿತು. ಈ ಸೀಮೆಯ ಮುದುಕಿಯರು ಗಲ್ಲದ ಮೇಲೆ ಬೆರಳಿಟ್ಟು “ಏನು ಚೋದ್ಯವಮ್ಮಾ” ಎನ್ನುವಾಗ ಮೀಮಾಂಸಕರ ಮೊಮ್ಮಗಳೊಬ್ಬಳು ಮಾತಾಡಿದಂತಿರುತ್ತದೆ.

ತಮಿಳರು ಸಂಸ್ಕೃತದ ಅಂಗಡಿಯಿಂದ ‘ಕ್ಷಣ’ವೊಂದನ್ನಷ್ಟೇ ತಂದರು. ಭೌತಶಾಸ್ತ್ರದ ಇಂಪಲ್ಸಿಗೆ ಅವರದು ‘ಕಣತ್ತಾಕ್ಕು’, ಕ್ಷಣದ ತಾಕು. ತಾಕು ನಮ್ಮದೂ ಹೌದು, ತೆಲುಗರದೂ ಹೌದು. ಮನಸ್ಸಿನೊಳಗೆ ಎರಡು ಯೋಚನೆ ಢಿಕ್ಕಿ ಹೊಡೆದಾಗ ‘ತಾಕಲಾಟ’ ಎನ್ನುತ್ತೇವಲ್ಲ. ಹೊಡೆತ ಮತ್ತು ಹೊತ್ತು, ಎರಡೂ ಸೇರಿದ್ದರಿಂದ ತಮಿಳಿನ ಪದದಲ್ಲಿ ಸೂತ್ರವೇ ಕೂತಿದೆ. ಇದನ್ನು ನೋಡಿ ನನಗೆ ಹೊಟ್ಟೆಕಿಚ್ಚೇ ಆಯಿತು. ಮನಸ್ಸಿನ ಇಂಪಲ್ಸಿಗೆ ಜಪಾನಿಯರು ಬರೆಯುವ ಎರಡು ಚಿತ್ರಾಕ್ಷರಗಳೂ ‘ಢಿಕ್ಕಿ’ ಮತ್ತು ‘ಚಲನೆ’. ಜರ್ಮನ್ನರ ‘ಟ್ರೀಬ್’ ಫ್ರಾಯ್ಡನ ಕೈಯಲ್ಲಿ ಮನಸ್ಸಿನ ಒತ್ತಡವಾಯಿತು, ಆದರೆ ಅವರ ತೋಟದಲ್ಲಿ ಅದೇ ಪದಕ್ಕೆ ಗಿಡದ ಎಳೆಚಿಗುರು ಎಂದೂ ಅರ್ಥ. ಒಳಗಿನಿಂದ ತಳ್ಳಿಕೊಂಡು ಬರುವುದು ಎರಡೂ ತಾನೆ.

ಹೊರಗೆ ತಳ್ಳಿದ್ದು ಒಳಗೆ ಹೇಗೆ ಉಳಿಯುತ್ತದೆ? ಈ ಪ್ರಶ್ನೆಯನ್ನು ನಮ್ಮ ಹಳಬರು ಬಾಣವೊಂದನ್ನು ಇಟ್ಟುಕೊಂಡು ಕೇಳಿದರು. ಕಣೇಕಲ್ಲು ಎಂಬ ಹೆಸರು ಕೇಳಿದಾಗಲೆಲ್ಲ ನನಗೆ ಬಾಣ ನೆನಪಾಗುತ್ತದೆ; ಹಳಗನ್ನಡದಲ್ಲಿ ‘ಕಣೆ’ ಎಂದರೆ ಬಾಣ. ಬಿಲ್ಲಿನ ಹೆದೆ ಬಾಣವನ್ನು ತಳ್ಳುವುದು ಅದು ತಾಗಿರುವಷ್ಟು ಹೊತ್ತು ಮಾತ್ರ. ಬಿಟ್ಟ ಮೇಲೆ ಯಾರು ತಳ್ಳುತ್ತಾರೆ? ಕಣಾದನ ಹೆಸರಿನಲ್ಲಿರುವ ವೈಶೇಷಿಕ ಸೂತ್ರ ಉತ್ತರ ಕೊಡುತ್ತದೆ: ಮೊದಲ ಚಲನೆ ‘ನೋದನ’ದಿಂದ, ಅಂದರೆ ನೂಕಿನಿಂದ, ಆಮೇಲಿನದೆಲ್ಲ ಆ ಚಲನೆ ಬಾಣದೊಳಗೆ ಬಿಟ್ಟು ಹೋದ ‘ಸಂಸ್ಕಾರ’ದಿಂದ. ಆ ಸೂತ್ರಗಳನ್ನು ವಿವರಿಸಿದ ಪ್ರಶಸ್ತಪಾದ ಇದನ್ನು ಇನ್ನೂ ಬಿಡಿಸಿ ಸಂಸ್ಕಾರದಲ್ಲಿ ಮೂರು ಬಗೆ ಎಂದ. ಒಂದು ವೇಗ. ಇನ್ನೊಂದು ಬಾಗಿಸಿದ ಕೊಂಬೆ ಮತ್ತೆ ನೆಟ್ಟಗಾಗುವ ಗುಣ. ಮೂರನೆಯದು ಭಾವನೆ, ಅಂದರೆ ಅನುಭವ ಮನಸ್ಸಿನಲ್ಲಿ ಬಿಟ್ಟ ಗುರುತು, ನೆನಪಿನ ಬೀಜ. ಹಾರುವ ಬಾಣವನ್ನು ಹಾರಿಸುವುದೂ ಹಳೆಯ ನೋವನ್ನು ನೆನಪಿಸುವುದೂ ಒಂದೇ ಜಾತಿಯ ಸಂಗತಿ ಎಂದ ಆ ದಿಟ್ಟತನ ನನ್ನನ್ನು ಇಂದಿಗೂ ಅಲುಗಾಡಿಸುತ್ತದೆ.

ಜೋಳದ ಹೊಲದಲ್ಲಿ ಅಟ್ಟಣೆಯ ಮೇಲೆ ನಿಂತು ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದು ಕೈಯ ಅನುಭವ. ಹಗ್ಗದ ಒಂದು ಎಳೆ ಬಿಟ್ಟ ಗಳಿಗೆ ಕಲ್ಲು ನಿಮ್ಮದಲ್ಲ, ಆದರೆ ನೀವು ಕೊಟ್ಟದ್ದು ಅದರೊಳಗೆ ಇದೆ. ಹದಿನಾಲ್ಕನೇ ಶತಮಾನದ ಪ್ಯಾರಿಸ್ಸಿನಲ್ಲಿ ಬುರಿದಾನ್ ಎಂಬ ಪಂಡಿತ ಎಸೆದ ವಸ್ತುವಿನೊಳಗೆ ಎಸೆದವನು ‘ಇಂಪೆಟಸ್’ ಎಂಬುದನ್ನು ತುಂಬುತ್ತಾನೆ ಎಂದು ವಾದಿಸಿದ. ಅವನಿಗೂ ಮುಂಚೆ ಇಬ್ನ್ ಸೀನಾ ಅರಬ್ಬಿಯಲ್ಲಿ ಅದನ್ನು ‘ಮೈಲ್’, ವಾಲುವಿಕೆ, ಎಂದಿದ್ದ. 1687ರಲ್ಲಿ ನ್ಯೂಟನ್ನನ ಪ್ರಿನ್ಸಿಪಿಯಾ ಬಂದ ಮೇಲೆ ಲೆಕ್ಕ ತಿರುಗಿತು: ಚಲನೆ ಮುಂದುವರಿಯಲು ಒಳಗೆ ಏನೂ ತುಂಬಿರಬೇಕಿಲ್ಲ, ಬದಲಾಗಲು ಮಾತ್ರ ಹೊರಗಿನ ಬಲ ಬೇಕು. ಕಲ್ಲಿನ ಮಟ್ಟಿಗೆ ಅದು ಇತ್ಯರ್ಥವಾಯಿತು. ಮನುಷ್ಯನ ಮಟ್ಟಿಗೆ ಕಣಾದನ ಸಂಸ್ಕಾರವೇ ಇನ್ನೂ ನಡೆಯುತ್ತಿದೆ.

ಮನುಷ್ಯನ ಒಳಗಿನ ತಳ್ಳಾಟಕ್ಕೆ ಈ ಗಡಿಯಲ್ಲಿ ಎಷ್ಟು ಮಾತು! ‘ಆವೇಶ’ವನ್ನು ಆವೇಗದ ತಮ್ಮ ಎಂದುಕೊಳ್ಳುವವರಿದ್ದಾರೆ, ಅಲ್ಲ, ಅದು ‘ವಿಶ್’ ಧಾತು, ಒಳಹೊಗು. ಜಾತ್ರೆಯಲ್ಲಿ ಮೈಮೇಲೆ ದೇವರು ಬಂದಾಗ ಕನ್ನಡದಲ್ಲಿ ಆವೇಶ, ತೆಲುಗಿನಲ್ಲಿ ‘ಪೂನಕಂ’. ಪೂನಕದ ‘ಪೂನು’ ಹಳಗನ್ನಡದ ‘ಪೂಣ್’ ಎಂಬುದರ ಒಡಹುಟ್ಟು. ಪೂಣ್ ಎಂದರೆ ಹೊಣೆ ಹೊತ್ತುಕೊಳ್ಳು, ಪ್ರತಿಜ್ಞೆ ಮಾಡು. ದೇವರು ಒಳಹೊಕ್ಕಿತು ಎಂದು ಒಂದು ಪದ ಹೇಳಿದರೆ, ಅದನ್ನು ಹೊತ್ತುಕೊಂಡ ಎಂದು ಇನ್ನೊಂದು ಹೇಳುತ್ತದೆ. ದುಡುಕು ಎರಡೂ ಭಾಷೆಯಲ್ಲಿ ದುಡುಕೇ. ತ್ಯಾಗರಾಜರು ಗೌಳ ರಾಗದ ಪಂಚರತ್ನ ಕೃತಿಯನ್ನು ಅದೇ ಪದದಿಂದ ಎತ್ತಿಕೊಂಡಿದ್ದಾರೆ. ಉಮೇದು ಪಾರ್ಸಿಯಲ್ಲಿ ಆಸೆ, ನಮ್ಮಲ್ಲಿ ಉತ್ಸಾಹ. ಜೋಶ್ ಪಾರ್ಸಿಯಲ್ಲಿ ಕುದಿತ, ಇಲ್ಲಿ ಎಳೆಯರ ಹುರುಪು. ಹುಕಿ ಮರಾಠಿಯಲ್ಲೂ ಉಂಟು. ತುಡಿತ, ತೀಟೆ, ತೆವಲು, ಚಪಲ, ಲಹರಿ ಬೇರೆ. ಲಹರಿ ಬಂದವನು ಹಾಡುತ್ತಾನೆ, ತೆವಲು ಹತ್ತಿದವನು ಮನೆ ಮಾರುತ್ತಾನೆ. ಇವೆಲ್ಲವನ್ನೂ ‘ಆವೇಗ’ ಎಂಬ ಒಂದು ಗೂಟಕ್ಕೆ ಕಟ್ಟುವ ಅನುವಾದಗಳನ್ನು ಓದುವಾಗ ನನಗೆ ಬೇಸರವಾಗುತ್ತದೆ.

ಆದರೆ ಹುಡುಗಿಗೆ ಇದನ್ನೆಲ್ಲ ಹೇಳುತ್ತ ಕೂತಿದ್ದಾಗ ಪಕ್ಕದ ಮನೆಯ ಹಿರಿಯರೊಬ್ಬರು ಬಂದರು. ಏನು ಬಂದಿರಿ ಎಂದು ಅಕ್ಕನ ಮಗಳು ಕೇಳಿದ್ದಕ್ಕೆ “ಏನೂ ಇಲ್ಲಮ್ಮ, ಯಾಕೋ ಮನಸ್ಸಿಗೆ ಬಂತು, ಬಂದೆ” ಎಂದರು. ಎರಡು ‘ಬರು’ ಆ ಮಾತಿನಲ್ಲಿ. ಮೊದಲನೆಯದಕ್ಕೆ ಅವರು ಕರ್ತೃ ಅಲ್ಲ, ಎರಡನೆಯದಕ್ಕೆ ಅವರೇ ಕರ್ತೃ. ಇಷ್ಟು ಹೊತ್ತು ಲ್ಯಾಟಿನ್ನು, ಸಂಸ್ಕೃತ ಎಂದು ನಾನು ಹುಡುಕುತ್ತಿದ್ದುದು ನಾಮಪದ. ಕನ್ನಡ ಇದನ್ನು ನಾಮಪದದಲ್ಲಿ ಇಟ್ಟಿಲ್ಲ, ವಿಭಕ್ತಿಯಲ್ಲಿ ಇಟ್ಟಿದೆ ಎಂದು ಆಗ ಹೊಳೆಯಿತು. ‘ಹೊಳೆಯಿತು’ ಎಂಬುದೂ ಹಾಗೆಯೇ, ನನಗೆ ಹೊಳೆಯಿತು.

ನನಗೆ ಸಿಟ್ಟು ಬಂತು. ನನಗೆ ನಗು ಬಂತು. ನನಗೆ ಹಾಗನ್ನಿಸಿತು. ಸಿಟ್ಟೇ ಕರ್ತೃ, ಅದು ನಡೆದು ಬರುತ್ತದೆ. ನಾನು ಚತುರ್ಥಿಯಲ್ಲಿ, ಮನೆ ಬಾಗಿಲಲ್ಲಿ ನಿಂತವನ ಹಾಗೆ, ಬಂದದ್ದನ್ನು ಬರಮಾಡಿಕೊಳ್ಳುವವನು. ಇಂಗ್ಲಿಷಿನವರು ‘ನಾನು ಸಿಟ್ಟಾಗಿದ್ದೇನೆ’ ಎಂದು ತಮ್ಮನ್ನೇ ಮುಂದೆ ನಿಲ್ಲಿಸುತ್ತಾರೆ. ತೆಲುಗು ನಮ್ಮ ದಾರಿಯಲ್ಲೇ ನಡೆದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ‘ನಾಕು ಕೋಪಂ ವಚ್ಚಿಂದಿ’, ಸಿಟ್ಟು ಬಂತು, ಸರಿ. ಹಸಿವು, ಬಾಯಾರಿಕೆ, ಚಳಿ, ಭಯ ಮಾತ್ರ ‘ವೇಸಿಂದಿ’. ವೇಯು ಎಂದರೆ ಎಸೆ, ಹಾಕು. ಹಸಿವು ಕವಣೆಗಲ್ಲಿನಂತೆ ಬಂದು ಬೀಳುತ್ತದೆ.

ಚರಕ ಸಂಹಿತೆಯ ಸೂತ್ರಸ್ಥಾನದ ಏಳನೇ ಅಧ್ಯಾಯವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಅದು ವೇಗಗಳನ್ನು ಕುರಿತ ಅಧ್ಯಾಯ. ತಡೆಯಬಾರದ 13 ವೇಗಗಳನ್ನು ಚರಕ ಹೇಳುತ್ತಾನೆ: ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ದೆ, ದಣಿದಾಗಿನ ಏದುಸಿರು. ಕನ್ನಡದಲ್ಲಿ ಇವುಗಳನ್ನು ಹೇಳುವುದು ಹೇಗೆ? ನನಗೆ ಸೀನು ಬಂತು, ಆಕಳಿಕೆ ಬಂತು, ಅಳು ಬಂತು, ನಿದ್ದೆ ಬಂತು, ಹಸಿವಾಯಿತು, ಏದುಸಿರು ಬಂತು. ಚರಕನ ಪಟ್ಟಿಗೂ ನಮ್ಮ ಚತುರ್ಥಿಗೂ ಎಷ್ಟು ಹೊಂದಿಕೆ! ಬಂದದ್ದನ್ನು ಬಿಟ್ಟುಬಿಡಿ, ತಡೆದರೆ ರೋಗ ಎನ್ನುತ್ತಾನೆ. ಆಮೇಲೆ ಎರಡನೆಯ ಪಟ್ಟಿ ಕೊಡುತ್ತಾನೆ, ತಡೆಯಲೇಬೇಕಾದ ವೇಗಗಳದು: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ಈರ್ಷ್ಯೆ, ಅತಿಯಾದ ಮೋಹ, ಬಿರುನುಡಿ, ಚಾಡಿ, ಸುಳ್ಳು, ಹಿಂಸೆ, ಕಳವು. ವ್ಯಾಕರಣಕ್ಕೆ ಸಿಟ್ಟೂ ಸೀನೂ ಒಂದೇ, ಎರಡೂ ‘ಬಂತು’. ವೈದ್ಯನಿಗೆ ಒಂದಲ್ಲ. ಸೀನು ಬಂದರೆ ಸೀನು, ಸಿಟ್ಟು ಬಂದರೆ ನಿಲ್ಲು. ಭಗವದ್ಗೀತೆಯ ಐದನೇ ಅಧ್ಯಾಯದಲ್ಲಿ ಕಾಮಕ್ರೋಧಗಳಿಂದ ಹುಟ್ಟುವ ವೇಗವನ್ನು ತಾಳಿಕೊಳ್ಳಬಲ್ಲವನ ಮಾತು ಬರುವಾಗಲೂ ಪದ ಅದೇ, ‘ವೇಗ’.

ಕಾನೂನು ನಿಂತಿರುವುದೂ ಇದೇ ಸಂದಿಯಲ್ಲಿ. 1860ರ ಭಾರತೀಯ ದಂಡ ಸಂಹಿತೆಯ 300ನೇ ಕಲಮಿನ ಮೊದಲ ಅಪವಾದ ‘ಗಂಭೀರ ಮತ್ತು ಹಠಾತ್ ಪ್ರಚೋದನೆ’ಯನ್ನು ಕುರಿತದ್ದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 101ನೇ ಕಲಮಿಗೆ ಬಂದಿದೆ. ಕೆರಳಿಸಿದ ಗಳಿಗೆಯಲ್ಲಿ ಹತೋಟಿ ತಪ್ಪಿ ಕೊಂದವನದು ಕೊಲೆ ಎನಿಸುವುದಿಲ್ಲ, ಅದಕ್ಕಿಂತ ಕಡಿಮೆ ದರ್ಜೆಯ ಅಪರಾಧ. 1959ರ ಏಪ್ರಿಲಿನಲ್ಲಿ ನೌಕಾಪಡೆಯ ಕಮಾಂಡರ್ ಕೆ.ಎಂ. ನಾನಾವತಿ ಮುಂಬಯಿಯಲ್ಲಿ ಹೆಂಡತಿಯ ಗೆಳೆಯನನ್ನು ಗುಂಡಿಟ್ಟು ಕೊಂದಾಗ ವಾದ ನಡೆದದ್ದು ಇದರ ಮೇಲೆಯೇ. 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಗಡಿಯಾರ ನೋಡಿತು. ಅವನು ಮನೆ ಬಿಟ್ಟದ್ದು ಮಧ್ಯಾಹ್ನ ಒಂದೂವರೆಗೆ. ಹೆಂಡತಿ ಮಕ್ಕಳನ್ನು ಸಿನಿಮಾಕ್ಕೆ ಬಿಟ್ಟ, ಹಡಗಿಗೆ ಹೋಗಿ ರಿವಾಲ್ವರ್ ತಂದ. ಗುಂಡು ಹಾರಿದ್ದು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ. ನಡುವೆ ಮನಸ್ಸು ತಹಬಂದಿಗೆ ಬರಲು ಸಾಕಷ್ಟು ಸಮಯವಿತ್ತು ಎಂದು ಕೋರ್ಟು ಅಪವಾದವನ್ನು ಒಪ್ಪಲಿಲ್ಲ. ಕನ್ನಡದಲ್ಲಿ ಹೇಳುವುದಾದರೆ, ಸಿಟ್ಟು ಅವನಿಗೆ ಬಂತು, ಗುಂಡು ಅವನು ಹೊಡೆದ. ಚತುರ್ಥಿಯಿಂದ ಪ್ರಥಮಾ ವಿಭಕ್ತಿಗೆ ಬರಲು ಅವನು ಸುಮಾರು ಮೂರು ಗಂಟೆ ತೆಗೆದುಕೊಂಡಿದ್ದ.

ಆ ಸಂದಿ ಎಷ್ಟು ಕಿರಿದಾಗಬಲ್ಲದು ಎಂದು ಅಳೆದವರೂ ಇದ್ದಾರೆ. ನರದ ಓಟದ ವೇಗ ಅಳೆಯುವ ಆಸೆಯನ್ನೇ ತನ್ನ ಗುರು ಬಿಟ್ಟಿದ್ದ ಕಾಲದಲ್ಲಿ, 1850ರಲ್ಲಿ, ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದ: ಸೆಕೆಂಡಿಗೆ ಸುಮಾರು 30 ಮೀಟರ್. ಮಿಂಚಿನ ಹಾಗಲ್ಲ, ಓಡುವ ಕುದುರೆಗಿಂತ ಸ್ವಲ್ಪ ಜೋರು, ಅಷ್ಟೆ. 1983ರಲ್ಲಿ ಬೆಂಜಮಿನ್ ಲಿಬೆಟ್ ಮನಸ್ಸಿಗೆ ಬಂದಾಗ ಬೆರಳು ಅಲ್ಲಾಡಿಸಿ ಎಂದು ಜನರಿಗೆ ಹೇಳಿ ಮಿದುಳಿನ ವಿದ್ಯುತ್ತನ್ನು ದಾಖಲಿಸಿದ. ಬೆರಳು ಅಲ್ಲಾಡುವ ಸುಮಾರು ಅರ್ಧ ಸೆಕೆಂಡು ಮುಂಚೆ ಮಿದುಳು ಸಿದ್ಧವಾಗುತ್ತಿತ್ತು. ‘ಮಾಡೋಣ’ ಎಂದು ಆ ಮನುಷ್ಯನಿಗೆ ಅನ್ನಿಸುತ್ತಿದ್ದುದು ಸೆಕೆಂಡಿನ ಐದನೇ ಒಂದು ಭಾಗ ಮುಂಚೆ. ಅಂದರೆ ಮೊದಲು ಬರುತ್ತದೆ, ಆಮೇಲೆ ಬಂತು ಎಂದು ತಿಳಿಯುತ್ತದೆ. ಆ ಉಳಿದ ಚೂರು ಹೊತ್ತಿನಲ್ಲಿ ಬೇಡ ಎನ್ನಲು ಮನುಷ್ಯನಿಗೆ ಸಾಧ್ಯ ಎಂದು ಲಿಬೆಟ್ ನಂಬಿದ್ದ. ಆ ಪ್ರಯೋಗದ ಅರ್ಥದ ಬಗ್ಗೆ ಇನ್ನೂ ಜಗಳವಿದೆ. ‘ನನಗೆ ಅನ್ನಿಸಿತು’ ಎನ್ನುವ ಭಾಷೆಯವರಿಗೆ ಅದರ ಫಲಿತಾಂಶದಿಂದ ದಿಗಿಲಾಗುವಂಥದ್ದೇನೂ ಇಲ್ಲ ಎಂದು ನನ್ನ ಎಣಿಕೆ.

ಹುಡುಗಿ ಕೊನೆಗೆ ಕೇಳಿದ್ದು ಒಂದೇ, ಪರೀಕ್ಷೆಯಲ್ಲಿ ಯಾವುದನ್ನು ಬರೆಯಲಿ ಎಂದು. ಕನ್ನಡದಲ್ಲಿ ಬರೆಯುವಾಗ ಆವೇಗ ಎಂದು ಬರಿಯಮ್ಮ ಎಂದೆ. ನರಮಿಡಿತ ನನ್ನ ಆಸೆ, ಅವಳ ಅಂಕಗಳನ್ನು ಅದಕ್ಕೆ ಒತ್ತೆ ಇಡಲಾರೆ. ಆಮೇಲೆ ಪುಸ್ತಕ ಮುಚ್ಚಿಸಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂರಿಸಿದೆ. ಮೊಣಕಾಲ ಚಿಪ್ಪಿನ ಕೆಳಗೆ ಅಂಗೈ ಅಂಚಿನಿಂದ ಮೆಲ್ಲಗೆ ಹೊಡೆದೆ. ಮಿದುಳಿನ ಅಪ್ಪಣೆಗೆ ಕಾಯದೆ ಬೆನ್ನುಹುರಿಯಿಂದಲೇ ಹಿಂದಿರುಗುವ ಈ ಮಿಡಿತವನ್ನು 1875ರಲ್ಲಿ ಇಬ್ಬರು ಜರ್ಮನ್ ವೈದ್ಯರು ಬೇರೆ ಬೇರೆಯಾಗಿ ಕಂಡು ಬರೆದರು. ಮೂರನೇ ಏಟಿಗೆ ಅವಳ ಪಾದ ಮುಂದಕ್ಕೆ ಚಿಮ್ಮಿತು. ಅವಳು ನಕ್ಕಳು, ಅವಳಮ್ಮ ಒಳಗಿನಿಂದ ಇಣುಕಿದಳು.

“ಕಾಲು ಎತ್ತಿದೆಯಲ್ಲ, ಯಾಕೆ?” ಎಂದೆ.

“ನಾನೆಲ್ಲಿ ಎತ್ತಿದೆ ತಾತ,” ಎಂದಳು, “ಅದೇ ಎದ್ದಿತು.”